ಮೇಡಂ ಸುರಿಯದ ಪೌಡರು

ಕುಮಾಸಿಯ ನಮ್ಮ ಓಣಿಯಲ್ಲಿ ಅಫ್ರಾಕೊಮಾ ಮೇಡಂ ಹೊಲಿದ ರವಿಕೆ ತೊಡದೆ ಯಾವ ಹುಡುಗಿಯೂ ಮದುವಣಗಿತ್ತಿಯಾದವಳಲ್ಲ. ಅವಳ ಅಂಗಡಿಯೆದುರು ಗೆಣಸು ಕರಿದು ಮಾರುವವಳು ನಾನು. ಇಪ್ಪತ್ತು ವರ್ಷ ಅವಳ ಮುಖ ನೋಡುತ್ತಲೇ ಎಣ್ಣೆ ಕಾಯಿಸಿದ್ದೇನೆ. ಆ ಮುಖಕ್ಕೆ ಹುಳಿ ಹಿಂಡಿದ್ದು ಬಿರಾಗೊ ಎಂಬ ಶಿಷ್ಯೆ ಬಂದ ಮೇಲೆ.

ಹುಡುಗಿಯ ಕೈ ಗುರುವಿಗಿಂತ ಚುರುಕು. ಗಿರಾಕಿಗಳು, "ಇದನ್ನ ಬಿರಾಗೊನೇ ಹೊಲೀಲಿ" ಅನ್ನತೊಡಗಿದರು. ನಮ್ಮಲ್ಲಿ ಕಲಿಕೆ ಮುಗಿದ ದಿನ ಗುರುವಾದವಳು ಶಿಷ್ಯೆಯ ತಲೆಗೆ ಎಲ್ಲರೆದುರು ಬಿಳಿ ಪೌಡರು ಸುರಿದು ಸ್ವಂತ ಕಸುಬಿಗೆ ಬಿಟ್ಟುಕೊಡಬೇಕು; ಅಲ್ಲಿಯ ತನಕ ಶಿಷ್ಯೆ ಗುರುವಿನ ಹೆಸರು ಹೇಳಿಕೊಳ್ಳುವಂತಿಲ್ಲ. ಮೂರು ವರ್ಷದ ಕಲಿಕೆ ಆರಾಯಿತು. ಅಫ್ರಾಕೊಮಾ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

"ಕಾಜ ಇನ್ನೂ ಸೊಟ್ಟ ಕಣೇ" ಎನ್ನುವಳು.

ಕೊನೆಗೊಂದು ಬೆಳಿಗ್ಗೆ ಬಿರಾಗೊ, ಮಿಷನ್ನಿನ ಕೆಳಗಿಂದ ಆರು ವರ್ಷ ಆಯ್ದಿಟ್ಟ ಚಿಂದಿಯ ಮೂಟೆ ಹೊತ್ತು ಹೊರಟೇಹೋದಳು.

ಆ ಚಿಂದಿಯೇ ಒಂದು ದೊಡ್ಡ ಬಟ್ಟೆಯಾಗಿ ಗುಡ್ಡದ ಮೇಲಿನ ಕಲಾ ಕಾಲೇಜಿನ ಗೋಡೆ ಹತ್ತಿತು. ಅಲ್ಲಿಯ ಮೇಷ್ಟ್ರುಗಳು ವರ್ಷಕ್ಕೊಮ್ಮೆ ಲಾಗೋಸಿನಿಂದ, ಡಾಕಾರಿನಿಂದ, ಹಿಂದೆ ಗುಲಾಮರ ವ್ಯಾಪಾರಿಗಳು ಕಡಲಾಚೆಗೆ ಕದ್ದೊಯ್ದ ನಮ್ಮವರ ಮರಿಮಕ್ಕಳಿಂದಲೂ ಕೈಕೆಲಸ ತರಿಸಿ, ನಮ್ಮ ಓಣಿಗಳವರ ಕೈಕೆಲಸದ ಪಕ್ಕದಲ್ಲೇ ತೂಗುಹಾಕುತ್ತಾರೆ. ಆಮೇಲೆ ಅವೆಲ್ಲ ಹಡಗು ಹತ್ತಿ ದೇಶ ಸುತ್ತುತ್ತವೆ.

"ನನ್ನ ಕಸ ಗುಡಿಸಿ ಗೋಡೆಗೆ ಹಾಕವ್ಳಂತೆ. ಅದನ್ನ ನೋಡೋಕೆ ಜನ ಸೂಟು ಹಾಕ್ಕೊಂಡು ಹೋಗ್ತಾರಂತೆ!" ಅಂದಳು ಅಫ್ರಾಕೊಮಾ.

"ನೀನೇನು ಕಮ್ಮಿ? ಮೂರು ದಿನದಿಂದ ನಿನ್ನ ಹೊಸ ಬಟ್ಟೆಗೆ ಇಸ್ತ್ರಿ ಹಾಕ್ತಿದೀಯ" ಅಂದೆ ನಾನು.

"ತಪ್ಪು ಹುಡುಕೋಕೆ ಹೋಗ್ತಿರೋದು. ನೀನೂ ಬಾ, ಸಾಕ್ಷಿಗೆ."

ಹೋದೆವು. ಎರಡಾಳೆತ್ತರದ ಬಟ್ಟೆ. ನಮ್ಮ ಓಣಿಯ ಮದುವೆಗಳು, ಶಾಲೆಯ ಅಂಗಿಗಳು, ಸಾವಿಗೆ ಉಡುವ ಕೆಂಪು-ಕಪ್ಪು, ಎಲ್ಲ ಚೂರುಚೂರಾಗಿ ಅದರಲ್ಲಿತ್ತು. ಅಫ್ರಾಕೊಮಾ ಹೊಲಿಗೆಗೆ ಮೂಗು ತಾಗಿಸಿ ಉದ್ದಕ್ಕೂ ನಡೆದಳು. ಒಂದೂ ಸೊಟ್ಟ ಸಿಗಲಿಲ್ಲ. ಸಿಕ್ಕಿದ್ದು ಪಕ್ಕದ ಚೀಟಿ: 'ಬಿರಾಗೊ, ಕುಮಾಸಿ.' ಅಷ್ಟೇ. ಅದನ್ನು ಬೆರಳಿಟ್ಟು ಎರಡು ಸಲ ಓದಿದಳು.

ಲಂಡನ್ನಿನಿಂದ ಬಂದಿದ್ದ ನಮ್ಮವಳೊಬ್ಬಳು ಬಟ್ಟೆಯ ಪಕ್ಕ ನಿಂತಿದ್ದ ಬಿರಾಗೊಳನ್ನು ಕೇಳಿದಳು, "ಯಾರ ಹತ್ರ ಕಲ್ತೆ ತಾಯಿ?"

ಬಿರಾಗೊ ಇತ್ತ ನೋಡಿ ತಲೆ ತಗ್ಗಿಸಿದಳು. "ಗುರು ಇದಾರೆ. ಆದ್ರೆ ಇನ್ನೂ ಬಿಟ್ಟುಕೊಟ್ಟಿಲ್ಲ. ಯಾವ ಬಾಯಲ್ಲಿ ಅವರ ಹೆಸರು ಹೇಳ್ಲಿ?"

ಕಾಲೇಜಿನ ಮೇಷ್ಟ್ರು ಅಂದರು, "ಹಡಗು ಹತ್ತೋಕೆ ಮುಂಚೆ ಹೊಸ ಚೀಟಿ ಅಚ್ಚಾಗುತ್ತೆ. ಗುರುವಿನ ಹೆಸರು ಸೇರಿಸೋದಿದ್ರೆ ಇವತ್ತೇ ಹೇಳಿ."

ಅಫ್ರಾಕೊಮಾಳ ದವಡೆ ಗೆಣಸು ಅಗಿದಂತೆ ಆಡಿತು. ಆಮೇಲೆ ಚೀಲದಿಂದ ಪೌಡರು ಡಬ್ಬಿ ತೆಗೆದಳು. ಮುಖಕ್ಕೆ ಹಚ್ಚಲೆಂದು ಇಟ್ಟದ್ದು ಅಂತ ಇಂದಿಗೂ ಸಾಧಿಸುತ್ತಾಳೆ. ಬಿರಾಗೊ ಹೊಸದಾಗಿ ಹೆಣೆಸಿದ ಜಡೆ, ಅವಳ ಹೊಸ ಅಂಗಿ, ಕಾಲೇಜಿನ ಹೊಳೆಯುವ ನೆಲ, ಯಾವುದನ್ನೂ ಬಿಡದೆ ಇಡೀ ಡಬ್ಬಿ ಸುರಿದಳು.

"ಬಿಟ್ಟಿದೀನಿ, ಹೋಗು!" ಎಂದು ಕೂಗಿ ಮೇಷ್ಟ್ರ ಕಡೆ ತಿರುಗಿದಳು. "ಅಫ್ರಾಕೊಮಾ ಅಂತ ಬರ್ಕೊಳ್ಳಿ. ನಂದು ಮೇಲೆ, ಇವಳದು ಕೆಳಗೆ."

ಬಿರಾಗೊ ಸೀನುತ್ತಲೇ ನಕ್ಕಳು. "ಪಕ್ಕಪಕ್ಕ, ಮೇಡಂ."

ಈಗ ಬಿರಾಗೊಳ ಅಂಗಡಿ ನನ್ನ ಬಾಣಲೆಯ ಬಲಕ್ಕಿದೆ. ಅಲ್ಲಿಗೆ ಹೋಗುವ ಪ್ರತಿ ಗಿರಾಕಿಯ ಬೆನ್ನನ್ನೂ ಅಫ್ರಾಕೊಮಾ ಬಾಗಿಲು ದಾಟುವ ತನಕ ನೋಡುತ್ತಾಳೆ. ಮುಖಕ್ಕೆ ಅದೇ ಹುಳಿ. ಆಮೇಲೆ ನನ್ನತ್ತ ತಿರುಗುತ್ತಾಳೆ.

"ಹೋಗ್ಲಿ ಬಿಡು. ಅದೂ ನನ್ನ ಕೈಯೇ."