ಗೋಡೆಯ ಮೇಲಿನ ಹೊಸ ಇಂಗ್ಲಿಷ್

ಇಂಡಿ ಪಟ್ಟಣದಲ್ಲಿ ನಾನು ಸೈಬರ್ ಕೆಫೆ ನಡೆಸುತ್ತಿದ್ದಾಗ ಒಬ್ಬ ಇಂಗ್ಲಿಷ್ ಮಾಸ್ತರರು ಶಾಲೆ ಬಿಟ್ಟ ಕೂಡಲೇ ಬರುತ್ತಿದ್ದರು. ಇಂಗ್ಲಿಷ್ ಕಲಿಸುತ್ತಿದ್ದರೂ ಅವರಿಗೆ ಅದರ ಎಬಿಸಿಡಿ ಕಂಡರೆ ಆಗುತ್ತಿರಲಿಲ್ಲ. ಯಾರೋ ಆ ಭಾಷೆಗೆಂದೇ ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರವಿರುವ ಬೇರೆ ಲಿಪಿ ಮಾಡಿದ್ದರಂತೆ. ಅದನ್ನು ಬರೆಯಬಲ್ಲ ಬೆರಳೆಣಿಕೆಯ ಮಂದಿ ಇಂಟರ್ನೆಟ್ಟಿನಲ್ಲಿ ಸೇರುತ್ತಿದ್ದರು, ಇವರೂ ಅವರಲ್ಲೊಬ್ಬರು. ಕರೆಂಟು ಹೋದರೂ ಕುರ್ಚಿ ಬಿಟ್ಟೇಳದೆ, ಪರದೆಯ ಧೂಳಿನಲ್ಲಿ ಬೆರಳಿನಿಂದ ಆ ಕೊಕ್ಕೆಯಂಥ ಅಕ್ಷರಗಳನ್ನು ಬರೆಯುತ್ತ, "ಲಿಪಿ ಉಳೀಬೇಕ್ರಿ" ಎನ್ನುತ್ತಿದ್ದರು.

ಅವರ ಮನೆಯ ಕಂಪೌಂಡು ಗೋಡೆ ಸಂತೆಗೆ ಬಂದವರಿಗೆಲ್ಲ ಮೂತ್ರ ಮಾಡಲು ಅನುಕೂಲವಾಗಿತ್ತು. ಕನ್ನಡದಲ್ಲಿ ಬೈದು ಬರೆದದ್ದಕ್ಕೆ ಯಾರೂ ಕ್ಯಾರೇ ಎಂದಿರಲಿಲ್ಲ. ಒಂದು ದಿನ ರೇಗಿ, 'ಇಲ್ಲಿ ಮೂತ್ರ ಮಾಡಬಾರದು' ಎಂಬುದನ್ನು ಇಂಗ್ಲಿಷಿನಲ್ಲಿ, ಆ ಹೊಸ ಲಿಪಿಯಲ್ಲಿ, ಕೆಂಪು ಬಣ್ಣದಿಂದ ಬರೆದರು.

"ಇದನ್ನ ಯಾರು ಓದ್ತಾರ್ರಿ ಸರ್?" ಎಂದೆ.

"ಬರಿಯೂದು ನಮ್ಮ ಕೆಲಸ. ಓದೂದು ಅವರ ಕೆಲಸ" ಎಂದರು.

ಯಾರೂ ಓದಲಿಲ್ಲ. ಆದರೆ ಮುಂದಿನ ಸಂತೆಯ ದಿನ ಗೋಡೆ ಒಣಗಿತ್ತು. ಬುಡದಲ್ಲೊಂದು ಲಿಂಬೆಹಣ್ಣು, ಅಕ್ಷರಗಳ ಮೇಲೆ ಕುಂಕುಮ. ಯಾರೋ ಮಂತ್ರ ಬರೆದಿದ್ದಾರೆಂದು ಸುದ್ದಿಯಾಗಿ, ಜನ ಚಪ್ಪಲಿ ಬಿಟ್ಟು ಕೈ ಮುಗಿದು ಹೋಗುತ್ತಿದ್ದರು. ಮಾಸ್ತರರು ಮೂಢನಂಬಿಕೆ ಕಂಡರೆ ಉರಿದುಬೀಳುವವರು. ಇನ್ನು ಊರಿಗೇ ಪಾಠ ಶುರುವಾಗುತ್ತದೆ ಎಂದುಕೊಂಡೆ.

ಮರುವಾರ ಅತ್ತ ಹೋದಾಗ ಅವರೇ ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಊದಿನಕಡ್ಡಿ ಹಚ್ಚುತ್ತಿದ್ದರು.

"ಏನ್ರಿ ಸರ್, ನೀವೂ?" ಎಂದೆ.

ಕಡ್ಡಿಯನ್ನು ಗೋಡೆಯ ಬಿರುಕಿಗೆ ಸಿಗಿಸಿ, ಅತ್ತಿತ್ತ ನೋಡಿ, ಮೆಲ್ಲಗೆ ಹೇಳಿದರು: "ಲಿಪಿ ಉಳೀಬೇಕಲ್ರಿ."