ಆಚಾರ್ಯರ ಮನೆಯ ಹೊಸ ತಂತಿ

ಸುಜಯೀಂದ್ರಾಚಾರ್ಯರ ಬಾಯಿಗೆ ಹೆದರಿ ಮಂತ್ರಾಲಯದ ನಮ್ಮ ಓಣಿಗೆ ಹಾಲಿನವನೂ ಸದ್ದಿಲ್ಲದೆ ಬಂದು ಹೋಗುತ್ತಾನೆ. ಪಕ್ಕದ ಮನೆಯವಳಾದ ನನಗೆ ಆ ಬಾಯಿ ಕೇಳಿ ಕೇಳಿ ಸಾಕಾಗಿದೆ. ಪಾಂಡಿತ್ಯ ಬೇಕಾದಷ್ಟಿದೆ, ಇಲ್ಲ ಅನ್ನುವುದಿಲ್ಲ. ದಿನಾ ಬೆಳಗ್ಗೆ ಕಂಪ್ಯೂಟರಿನ ಮುಂದೆ ಕೂತು ಆದೋನಿ, ಬಳ್ಳಾರಿಯ ಮನೆಮನೆಗೆ ಭಾಗವತ ಪಾಠ ಹೇಳುತ್ತಿದ್ದರು. ಅವರ ಜೀವವೆಲ್ಲ ಅದರಲ್ಲೇ ಇತ್ತು.

ಟೆಲಿಫೋನ್ ತಂತಿಯ ಹಳೆಯ ನೆಟ್ಟಿನಲ್ಲಿ ಅವರ ಮುಖ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. ಹೀಗೇ ಆದರೆ ಪಾಠವನ್ನು ನಿಮ್ಮ ದಾಯಾದಿ ವಸುಧೇಂದ್ರನಿಗೆ ಒಪ್ಪಿಸುತ್ತೇವೆಂದು ಕೇಳುಗರು ಹೇಳಿದರು. ಆ ಹೆಸರು ಕೇಳಿದ್ದೇ ತಡ, ಆಚಾರ್ಯರು ಫೈಬರ್ ಹಾಕಿಸಿದರು. ಲೈನ್‌ಮನ್ ಎರ್ರಿಸ್ವಾಮಿ ಬೀದಿ ಕಂಬದಿಂದ ಹಿತ್ತಿಲ ಮೇಲೆ ಎತ್ತರಕ್ಕೆ ತಂತಿ ಎಳೆದ. ಅಡ್ಡ ಬಂತೆಂದು, ತಾಯಿ ತುಳಸಿಬಾಯಿ ಮಡಿಸೀರೆ ಒಣಹಾಕುವ ಬಿದಿರು ಗಳವನ್ನು ಆಚಾರ್ಯರೇ ಕಿತ್ತೆಸೆದರು.

"ಮಡಿ ಎಲ್ಲಿ ಒಣಗಿಸ್ಲೋ?"

"ಎಲ್ಲ್ಯಾರ ಹಾಕ್ಕೋ. ನನ್ನ ತಲಿ ತಿನ್ನಬ್ಯಾಡ."

ಹೊಸ ನೆಟ್ ಮಧ್ಯಾಹ್ನದ ಮೇಲೆ ಚೆನ್ನಾಗಿ ಓಡುತ್ತಿತ್ತು. ಬೆಳಗ್ಗೆ ಪಾಠಕ್ಕೆ ಕೂತರೆ ಹೋಗಿಬಿಡುತ್ತಿತ್ತು. ಎರ್ರಿಸ್ವಾಮಿ ಬರುವ ಹೊತ್ತಿಗೆ ಎಲ್ಲ ಸರಿ ಇರುತ್ತಿತ್ತು.

"ಕಳ್ಳರು ನೀವು! ವಸುಧೇಂದ್ರ ಕಳಿಸ್ಯಾನೇನು ನಿಮ್ಮನ್ನ?" ಎಂದು ಆಚಾರ್ಯರು ಓಣಿಗೆಲ್ಲ ಕೇಳುವಂತೆ ಕೂಗಾಡಿದರು.

"ಅಂತಾ ಬಾಗುಂದಿ ಸ್ವಾಮಿ, ಎಲ್ಲಾ ಚಲೋ ಐತಿ. ನೀವ ನೋಡ್ರಿ, ಓಡಾಕತ್ತೈತಿ," ಎಂದ ಆತ.

ಕೊನೆಗೆ ಹಟಕ್ಕೆ ಬಿದ್ದು ಒಂದು ದಿನ ಪಾಠದ ಹೊತ್ತಿಗೇ ಬಂದ. ಹಿತ್ತಿಲಲ್ಲಿ ನೀರಿಳಿಯುವ ಒಂಬತ್ತು ಗಜದ ಸೀರೆ ಆ ತಂತಿಯ ಮೇಲೆ ಜೋತಾಡುತ್ತಿತ್ತು.

"ಇದ ನೋಡ್ರಿ! ಒದ್ದಿ ಸೀರಿ ಭಾರಕ್ಕ ತಂತಿ ಬಾಗೈತಿ. ಬಾಗಿದ್ರ ಒಳಗ ಬೆಳಕು ಹರಿಯಂಗಿಲ್ಲ, ನೆಟ್ ಹೋಗ್ತೈತಿ. ಒಣಗಿದ ಮ್ಯಾಲ ತಾನ ಸರಿ ಆಗ್ತೈತಿ," ಎನ್ನುತ್ತ ಕೈ ಎತ್ತಿದ.

"ಮುಟ್ಟಬ್ಯಾಡ! ಮಡಿ ಅದ!" ತುಳಸಿಬಾಯಿ ಅಡುಗೆಮನೆಯಿಂದಲೇ ಚೀರಿದರು.

"ಅಮ್ಮಾ, ಲಗೂನ ಬಂದು ತಗಿ. ಪಾಠ ನಿಂತದ," ಎಂದರು ಆಚಾರ್ಯರು.

"ನೈವೇದ್ಯದ ಅಡಗಿ ಒಲಿ ಮ್ಯಾಲದ. ಬಿಟ್ಟು ಬರಂಗಿಲ್ಲ."

ಕಂಪ್ಯೂಟರ್ ಮುಟ್ಟಿ ಎದ್ದುಬಂದ ಆಚಾರ್ಯರೂ ಮಡಿಯಲ್ಲಿರಲಿಲ್ಲ. ಊರಿಗೆಲ್ಲ ಮಡಿಯ ಉಪದೇಶ ಮಾಡಿದ ಮನುಷ್ಯ, ಲೈನ್‌ಮನ್ ಎದುರಿಗೆ ಆ ಸೀರೆ ಹೇಗೆ ಮುಟ್ಟಿಯಾರು? ಕೈ ಹಿಸುಕುತ್ತ ನಿಂತರು. ಅಷ್ಟರಲ್ಲಿ ವಸುಧೇಂದ್ರ ತನ್ನ ಫೋನಿನಿಂದಲೇ ಪಾಠ ಶುರುಮಾಡಿದ್ದ. ಇನ್ನು ಮುಂದೆ ವಸುಧೇಂದ್ರನೇ ಹೇಳಲಿ ಎಂದು ಕೇಳುಗರೆಲ್ಲ ಅಂದರು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಈಗ ತಂತಿ ಪಕ್ಕಕ್ಕೆ ಸರಿದಿದೆ, ಗಳ ಮತ್ತೆ ಮೊದಲಿನ ಜಾಗದಲ್ಲಿದೆ. ನೆಟ್ ಬೆಳಗ್ಗೆಯೂ ನಿಲ್ಲದೆ ಓಡುತ್ತದೆ. ಆಚಾರ್ಯರು ಆರಿದ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿರುತ್ತಾರೆ. ಅಂದು ಒಲೆ ಬಿಟ್ಟು ಬರಲಾಗದ ತುಳಸಿಬಾಯಿ ದಿನಾ ಪಾಠದ ಹೊತ್ತಿಗೆ ಒಲೆ ಬಿಟ್ಟು ನಮ್ಮ ಹಿತ್ತಿಲ ಗೋಡೆಯಾಚೆ ಬಂದು ನಿಲ್ಲುತ್ತಾರೆ.

"ಸುಮೇಧಾ, ನಿನ್ನ ಫೋನು ಇನ್ನೊಂಚೂರು ಜೋರ ಇಡವಾ. ವಸುಧೇಂದ್ರ ಭಾಳ ಚಂದ ಹೇಳ್ತಾನ."

ಅವರ ಮಗನಿಗೂ ಕೇಳುವಷ್ಟು ಜೋರಾಗಿ ಇಡುತ್ತೇನೆ.