ಮೊದಲ ತಂಬಿಗೆ ಪಾದಕ್ಕೆ

ಆಯಿಯ ಬಲಗೈ ಮೊಣಕೈವರೆಗೆ ಒಂದು ಬಣ್ಣ, ಅಲ್ಲಿಂದ ಮೇಲೆ ಇನ್ನೊಂದು ಬಣ್ಣ. ಕೆಳಗಿನ ಭಾಗದಲ್ಲಿ ಹುಡುಕಿದರೂ ಒಂದು ಕೂದಲು ಸಿಗುತ್ತಿರಲಿಲ್ಲ. ಚರ್ಮ ಕೆಂಪಗೆ, ನುಣ್ಣಗೆ, ಬಹಳ ಸಲ ಒಗೆದ ಬಟ್ಟೆಯ ಹಾಗೆ ತೆಳ್ಳಗಾಗಿತ್ತು. ಹಬೆಯಾಡುವ ಹಂಡೆ ನೀರನ್ನು ನಲವತ್ತು ವರ್ಷ ಬೆರೆಸಿ ಬೆರೆಸಿ ಹಾಗಾಗಿದ್ದ ಕೈ ಅದು. ಎಡಗೈ ಮಾತ್ರ ಎಲ್ಲರ ಕೈಯಂತೆಯೇ ಇತ್ತು.

ನಮ್ಮ ಕಡೆ ಆಯಿ ಎಂದರೆ ಅಜ್ಜಿ. ಆದರೆ ಇವಳು ನನ್ನ ಸ್ವಂತ ಅಜ್ಜಿಯಲ್ಲ. ನನ್ನ ತವರು ಸಗರದಲ್ಲಿ ಹಡೆದವರಿಗೂ ಅವರ ಕೂಸುಗಳಿಗೂ ದಿನಾ ನೀರು ಹಾಕಲು ಬರುತ್ತಿದ್ದವಳು. ಹೆರಿಗೆ ಮಾಡಿಸುವುದು ಅವಳ ಕೆಲಸವಲ್ಲ, ಅದಕ್ಕೆ ಶಹಾಪುರದ ದವಾಖಾನೆ ಇದೆ. ದವಾಖಾನೆಯವರು ಹಾರೈಸಿ ಮನೆಗೆ ಕಳಿಸಿದ ಮೇಲೆ ಬಾಣಂತಿಯನ್ನು ಯಾರೂ ಕೇಳುವುದಿಲ್ಲವಲ್ಲ, ಆಯಿಯ ಕೆಲಸ ಅಲ್ಲಿಂದ ಶುರುವಾಗುತ್ತಿತ್ತು.

ಇದನ್ನು ಬರೆಯುವಾಗ ನನ್ನ ತೊಡೆಯ ಮೇಲೆ ಎರಡನೆಯ ಕೂಸು ಮಲಗಿದೆ. ಎರಡು ಸಾಲು ಬರೆಯುವುದರೊಳಗೆ ಒಮ್ಮೆ ಏಳಬೇಕು. ಮೊದಲನೆಯವನು ಪೆನ್ನು ಕಸಿಯುತ್ತಾನೆ. ಜೀವ ಹಣ್ಣಾಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಆಯಿಯ ಬಗ್ಗೆ ಈಗ ಬರೆಯದಿದ್ದರೆ ಇನ್ನೆಂದೂ ಬರೆಯಲಾರೆ ಅನ್ನಿಸುತ್ತದೆ.

ಮೊದಲ ಸಲ ಬಸುರಿಯಾದಾಗ ಸುರಪುರದ ಗಂಡನ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಮಾಡಿಸಿಕೊಂಡು, ಮೊಣಕೈವರೆಗೆ ಹಸಿರು ಬಳೆ ಇಟ್ಟುಕೊಂಡು ಸಗರಕ್ಕೆ ಬಂದೆ. ಅವ್ವ ಬಾಣಂತನಕ್ಕೆ ಎರಡು ತಿಂಗಳಿಂದ ತಯಾರಿ ನಡೆಸಿದ್ದಳು. ಡಬ್ಬಿಗಳಲ್ಲಿ ಉಂಡಿ ಕಟ್ಟಲು ಅಂಟು, ಅಳ್ವಿ, ಒಣಕೊಬ್ಬರಿ, ಖಾರೀಕು, ಬಾಣಂತಿ ಖಾರ. ಆಯಿಯನ್ನು ಕರೆಸಿ ಒಂದೊಂದೇ ಮುಚ್ಚಳ ತೆಗೆದು ತೋರಿಸಿದಳು. ಆಯಿ ಎಲ್ಲವನ್ನೂ ಮೂಸಿ ನೋಡಿ, ಹೊಸ್ತಿಲ ಮೇಲೆ ಕುಳಿತು ಕೇಳಿದಳು:

"ಎಲ್ಲಾ ಈಕಿ ಹೊಟ್ಟಿಗೆ ತಂದೀರಿ ಅಕ್ಕಾರ. ಈಕಿ ನಿದ್ದಿಗೆ ಏನ್ ತಂದೀರಿ?"

ಅವ್ವ ನಕ್ಕುಬಿಟ್ಟಳು. ನಾನೂ ನಕ್ಕೆ. ಆಯಿ ನಗಲಿಲ್ಲ. ಕೂಸು ಅಳುವಾಗ ಎತ್ತಿಕೊಳ್ಳುವವರು ಯಾರು, ಇವಳು ಮಲಗಿದಾಗ ಬಂದವರನ್ನು ಹೊರಗೇ ಕೂಡಿಸುವವರು ಯಾರು, ಇವಳ ಗಂಡ ಎಷ್ಟು ದಿನಕ್ಕೊಮ್ಮೆ ಬರುತ್ತಾನೆ ಎಂದು ಕೇಳಿದಳು. ಅವ್ವ ಡಬ್ಬಿಗಳ ಮುಚ್ಚಳ ಹಾಕತೊಡಗಿದಳು. ಅದೆಲ್ಲ ತಾನಾಗಿಯೇ ಆಗುತ್ತದೆ ಎಂದಳು. ಆಯಿ ಕಂಬಳಿ ಹೊದ್ದುಕೊಂಡು ಎದ್ದು ಹೋದಳು. ಕುರಿ ಕಾಯುವ ಮನೆತನದವಳು, ಬೇಸಿಗೆಯಲ್ಲೂ ಹೆಗಲ ಮೇಲಿನ ಕಂಬಳಿ ಇಳಿಸುತ್ತಿರಲಿಲ್ಲ.

ಗಂಡು ಮಗು ಹುಟ್ಟಿತು. ನಾಲ್ಕನೆಯ ದಿನ ಮನೆಗೆ ಬಂದೆವು, ಐದನೆಯ ದಿನದಿಂದ ಆಯಿ ಬಂದಳು. ಬಚ್ಚಲಲ್ಲಿ ಕುಳ್ಳಿರಿಸಿ, ಕಿವಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಕಿವಿಯೊಳಗಿನ ಅರಳೆ ತೆಗೆದು ಬಾಗಿಲು ಹಾಕುತ್ತಿದ್ದಳು. ಮೊದಲ ತಂಬಿಗೆಯನ್ನು ತಲೆಗಲ್ಲ, ಪಾದಕ್ಕೆ ಸುರಿಯುತ್ತಿದ್ದಳು. ಅದು ಉಳಿದ ನೀರಿಗಿಂತ ಒಂದು ಕಾವು ಹೆಚ್ಚಿರುತ್ತಿತ್ತು. ನಾನು ಸುಡುತ್ತದೆ ಎಂದು ಕಾಲು ಎಳೆದುಕೊಳ್ಳುತ್ತಿದ್ದೆ, ಅವಳು "ಹಾಂ" ಎಂದು ತಣ್ಣೀರು ಬೆರೆಸಿ ಬೆನ್ನಿಗೆ ಸುರಿಯುತ್ತಿದ್ದಳು. ಇದು ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, ಪದ್ಧತಿ ಎಂದಳು. ಬಾಣಂತನದಲ್ಲಿ ಯಾವುದಕ್ಕೂ ಯಾಕೆ ಎಂದು ಕೇಳಬಾರದು ಎಂದು ಅಷ್ಟರಲ್ಲಿ ನನಗೂ ಗೊತ್ತಾಗಿತ್ತು.

ಆಗ ನನಗೆ ಏನಾಗಿತ್ತು ಎಂಬುದನ್ನು ಈಗ ಹೇಳಬಲ್ಲೆ, ಆಗ ಹೇಳಲು ಬರುತ್ತಿರಲಿಲ್ಲ. ಕೂಸು ಮಲಗಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಅಂಟಿನ ಉಂಡಿ ಬಾಯಲ್ಲಿ ಮಣ್ಣಾಗುತ್ತಿತ್ತು. ಗಂಡ ಫೋನು ಮಾಡಿದರೆ ಮಲಗಿದ್ದಾಳೆಂದು ಹೇಳು ಎಂದು ಅವ್ವನಿಗೆ ಸನ್ನೆ ಮಾಡುತ್ತಿದ್ದೆ. ಅಳು ಬರುತ್ತಿತ್ತು. ಹಡೆದವಳು ಅತ್ತರೆ ಕಣ್ಣು ಮಂಜಾಗುತ್ತದೆ ಎಂದು ನೋಡಲು ಬಂದವರೆಲ್ಲ ಹೆದರಿಸುತ್ತಿದ್ದರು. ಬಾಣಂತಿಗೆ ಬುದ್ಧಿ ಹೇಳುವವರಿಗೆ ನಮ್ಮೂರಲ್ಲಿ ಎಂದೂ ಬರಗಾಲವಿಲ್ಲ. ಹಾಗಾಗಿ ಬಚ್ಚಲಲ್ಲಿ, ತಲೆಯ ಮೇಲೆ ನೀರು ಬೀಳುವಾಗ ಅಳುತ್ತಿದ್ದೆ. ಆಯಿಗೆ ಗೊತ್ತಿತ್ತು. ಆ ದಿನ ಎರಡು ತಂಬಿಗೆ ಹೆಚ್ಚೇ ಹಾಕುತ್ತಿದ್ದಳು.

ಒಂಬತ್ತನೆಯ ದಿನದ ಹೊತ್ತಿಗೆ ಅಳು ನಿಂತಿತು. ಅವ್ವ ಹಿಗ್ಗಿದಳು. ಮಗಳು ಸುಧಾರಿಸಿದಳು ಎಂದು ಓಣಿಗೆಲ್ಲ ಹೇಳಿದಳು. ನನ್ನೊಳಗೆ ಮಾತ್ರ, ನಾನಿಲ್ಲದಿದ್ದರೆ ಈ ಕೂಸು ಚೆನ್ನಾಗಿ ಬೆಳೆಯುತ್ತದೆ ಎಂಬ ಯೋಚನೆ ಬಂದು ಕೂತಿತ್ತು. ಅದು ಬಂದಾಗ ದುಃಖವಾಗಲಿಲ್ಲ, ಸರಿಯಾದ ಲೆಕ್ಕ ಎಂದೇ ಅನ್ನಿಸಿತು. ಅದನ್ನು ನೆನೆದರೆ ಈಗ ಹೆದರಿಕೆಯಾಗುತ್ತದೆ.

ಹನ್ನೊಂದನೆಯ ದಿನ ಆಯಿ ಎಂದಿನಂತೆ ಮೊದಲ ತಂಬಿಗೆ ಪಾದಕ್ಕೆ ಸುರಿದಳು. ನಾನು ಗೋಡೆ ನೋಡುತ್ತಾ ಕುಳಿತಿದ್ದೆ. ಆಯಿ ತಂಬಿಗೆ ಕೆಳಗಿಟ್ಟು, ಹರಿದು ಹೋಗುವ ನೀರಿಗೆ ತನ್ನ ಎಡಗೈ ಒಡ್ಡಿ, ಚಟ್ಟನೆ ಎಳೆದುಕೊಂಡಳು. ತಣ್ಣೀರು ತಂದು ನನ್ನ ಕಾಲಿಗೆ ಸುರಿದಳು. ಪಾದಗಳು ಕೆಂಪಗಾಗಿದ್ದವು.

"ನನ್ನ ಕೈಗೇ ಸುಡಾಕತ್ತದ. ನಿನಗ ಸುಡವಲ್ದೇನವ್ವ?"

"ಗೊತ್ತಾಗವಲ್ದು ಆಯಿ" ಎಂದೆ. ಆಮೇಲೆ ಯಾಕೋ ಬಾಯಿಂದ ಬಂದುಬಿಟ್ಟಿತು: "ಆ ಕೂಸು ನನಗ ಬ್ಯಾಡ ಅನಸಾಕತ್ತದ."

ಕಪಾಳಕ್ಕೆ ಬೀಳುತ್ತದೆ ಎಂದುಕೊಂಡಿದ್ದೆ. ಆಯಿ ನನ್ನೆದುರು ಒದ್ದೆ ಕಲ್ಲಿನ ಮೇಲೆ ಕುಳಿತಳು. "ಒಮ್ಮೊಮ್ಮೆ ಕುರಿ ಈದು ಮರಿ ಒಲ್ಲೆ ಅಂತದ. ಮೂಸಿ ನೋಡಿ ಹೊಳ್ಳಿ ನಿಲ್ತದ. ಹಂಗಂತ ಕುರುಬರು ಅದಕ್ಕ ಪಾಪಿ ಅಂತಾರೇನು? ಅದಕ್ಕ ಜಡ್ಡು ಐತಿ ಅಂತ ತಿಳಿತಾರ. ಒಬ್ಬರು ಕುರಿ ಹಿಡಿತಾರ, ಒಬ್ಬರು ಮರಿ ಹಿಡಿತಾರ. ನಿನ್ನನ್ನೂ ಹಿಡಿಯೋಣು." ನಾನು ಎರಡು ದಿನದ ಮೇಲೆ ಮತ್ತೆ ಅತ್ತೆ.

ನನಗೆ ಬಟ್ಟೆ ಉಡಿಸಿ, ಯಾದಗಿರಿಯ ಮನಸ್ಸಿನ ಡಾಕ್ಟರ ಹತ್ತಿರ ಈಗಿಂದೀಗಲೇ ಕರೆದುಕೊಂಡು ಹೋಗಬೇಕು ಎಂದು ಆಯಿ ಅವ್ವನಿಗೆ ಹೇಳಿದಳು. ಅವ್ವ ಒಪ್ಪಲಿಲ್ಲ. ಹನ್ನೊಂದು ದಿನದ ಬಾಣಂತಿ ಹೊಸ್ತಿಲು ದಾಟುವುದುಂಟೇ? ನಾಡಿದ್ದು ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ, ಬೀಗರೆಲ್ಲ ಬರುವವರಿದ್ದರು. ಹುಚ್ಚಿನ ಡಾಕ್ಟರ ಹತ್ತಿರ ಹೋದಳೆಂದರೆ ನಾಳೆ ಗಂಡನ ಮನೆಯಲ್ಲಿ ಹೇಗೆ ಬಾಳುತ್ತಾಳೆ? ತೊಟ್ಟಿಲು ಮುಗಿಯಲಿ, ಆಮೇಲೆ ನೋಡೋಣ ಎಂದಳು. ಆಯಿ ಬಚ್ಚಲ ಬಾಗಿಲಿಗೆ ಅಡ್ಡ ಕುಳಿತಳು. ನಾಳೆಯಿಂದ ನೀರು ಹಾಕುವುದಿಲ್ಲ ಎಂದಳು. ಅವ್ವ ಬೈದಳು. ಆಯಿ ಕೇಳಿಸಿಕೊಂಡಳು. ಕೊನೆಗೆ ಕೊಂಕಲ್ಲಿನ ಮಾತು ಹೇಳಿದಳು.

ಆಯಿ ಮೊದಲು ಇದ್ದದ್ದು ಕೊಂಕಲ್ಲಿನಲ್ಲಿ, ಗಂಡನ ಊರಲ್ಲಿ. ಅಲ್ಲಿ ಚೊಚ್ಚಲ ಹಡೆದ ಒಬ್ಬ ಹುಡುಗಿಗೆ ನೀರು ಹಾಕುತ್ತಿದ್ದಳು. ಎಷ್ಟು ಸುಡುವ ನೀರು ಹಾಕಿದರೂ ಆ ಹುಡುಗಿ ಉಸಿರೆತ್ತುತ್ತಿರಲಿಲ್ಲ. ನೀರು ತಡೆಯುವ ಬಾಣಂತಿ ಎಂದರೆ ನಮ್ಮಲ್ಲಿ ಗಟ್ಟಿ ಹೆಣ್ಣೆಂದು ಲೆಕ್ಕ.

"ನಾನೇ ಊರ ತುಂಬ ಹೊಗಳಿದ್ನಿರಿ ಅಕ್ಕಾರ. ಏನ್ ಗಟ್ಟಿ ಹುಡುಗಿ, ಒಮ್ಮಿನೂ ಸುಡ್ತದ ಅನಲಿಲ್ಲ ಅಂತ. ಹದಿನೈದು ದಿನಕ್ಕ ಹೊಲದ ಬಾವ್ಯಾಗ ಸಿಕ್ಕಳು. ಆಕಿ ಗಟ್ಟಿ ಇದ್ದಿಲ್ಲರಿ, ಆಕಿಗೆ ಸುಡೋದೇ ನಿಂತಿತ್ತು. ನನ್ನ ಕೈಗೆ ಗೊತ್ತಾಗಿತ್ತು, ತಲಿಗೆ ಗೊತ್ತಾಗಲಿಲ್ಲ."

ಅದಾದ ಮೇಲೆ ಆ ಊರಲ್ಲಿ ಬಚ್ಚಲ ಮುಂದೆ ನಿಲ್ಲಲಾಗದೆ ಅಣ್ಣನ ಊರಾದ ಸಗರಕ್ಕೆ ಬಂದಿದ್ದಳು. ಮೊದಲ ತಂಬಿಗೆ ಪಾದಕ್ಕೆ ಹಾಕುವ ಪದ್ಧತಿ ಯಾರದೂ ಅಲ್ಲ, ಅವಳದೇ. ಅವ್ವ ಎದ್ದು ಹೋಗಿ ಅಪ್ಪನಿಗೆ ಗಾಡಿ ತರಲು ಹೇಳಿದಳು. ಕೂಸಿಗೆ ಜ್ವರ ಎಂದು ಬೀಗರಿಗೆ ಸುಳ್ಳು ಹೇಳಿ ತೊಟ್ಟಿಲು ಮುಂದೆ ಹಾಕಿದಳು.

ಯಾದಗಿರಿಯವರೆಗೆ ಕೂಸು ಆಯಿಯ ಕಂಬಳಿಯಲ್ಲಿ, ನನ್ನ ಕೈ ಆಯಿಯ ಕೈಯಲ್ಲಿ. ಡಾಕ್ಟರಮ್ಮ ನನ್ನನ್ನು ಯಾರೂ ಕೇಳದ ಪ್ರಶ್ನೆಗಳನ್ನು ಕೇಳಿದರು, ಸಾಯುವ ಯೋಚನೆ ಬರುತ್ತದೆಯೇ ಎಂಬುದನ್ನೂ ಕೇಳಿದರು. ಇದು ಹಡೆದವರಲ್ಲಿ ಬಹಳ ಜನರಿಗೆ ಬರುವ ಕಾಯಿಲೆ, ನಿನ್ನ ತಪ್ಪಲ್ಲ, ಗುಣವಾಗುತ್ತದೆ ಎಂದರು. ಹಾಲು ಕುಡಿಸುತ್ತಲೇ ನುಂಗಬಹುದಾದ ಗುಳಿಗೆ ಬರೆದುಕೊಟ್ಟರು, ವಾರಕ್ಕೊಮ್ಮೆ ಮಾತಾಡಲು ಬಾ ಎಂದರು, ನನ್ನನ್ನು ಒಬ್ಬಳೇ ಬಿಡಬೇಡಿ ಎಂದು ಅವ್ವನಿಗೆ ಹೇಳಿದರು. ನನ್ನ ಪಾದ ನೋಡಿ, ಇಷ್ಟು ಸುಡುವ ನೀರು ಯಾರು ಹಾಕಿದವರು ಎಂದು ಬೈದರು. ಆಯಿ ದಾರಿಯುದ್ದಕ್ಕೂ ಮುಖ ಗಂಟು ಹಾಕಿಕೊಂಡಿದ್ದಳು. ಆದರೆ ಮರುದಿನದಿಂದ ನೀರು ಬೆಚ್ಚಗಾಯಿತು. ಮೊದಲ ತಂಬಿಗೆ ಮಾತ್ರ ಚುರ್ ಎನ್ನುವಷ್ಟು ಬಿಸಿ ಇಟ್ಟುಕೊಂಡಳು. ಅವ್ವ ಆಕ್ಷೇಪಿಸಿದ್ದಕ್ಕೆ, "ಅದು ಜಳಕ ಅಲ್ಲರಿ, ಕೇಳೋದು" ಎಂದಳು.

ಗುಣವಾಗಲು ತಿಂಗಳುಗಳೇ ಹಿಡಿದವು. ಅಷ್ಟರವರೆಗೆ ಅವ್ವ ಕೂಸನ್ನು ಹಿಡಿದಳು, ಆಯಿ ನನ್ನನ್ನು ಹಿಡಿದಳು. ಓಣಿಯವರು ಚುಚ್ಚಿ ಚುಚ್ಚಿ ಕೇಳಿದರೆ ಆಯಿ ಮುಚ್ಚಿಡುತ್ತಿರಲಿಲ್ಲ. ಹಡೆದವಳಿಗೆ ಜಡ್ಡು ಬಂದಿದೆ, ಗುಳಿಗೆ ತಗೊಳ್ಳುತ್ತಿದ್ದಾಳೆ, ನಿಮ್ಮ ಮಗಳಿಗೆ ಬಂದರೆ ನೀವೂ ಕೊಡಿಸಿ ಎನ್ನುತ್ತಿದ್ದಳು.

ನಾಲ್ಕು ವರ್ಷದ ಮೇಲೆ ಮತ್ತೆ ಬಸುರಿಯಾದಾಗ ನನಗೆ ಹೆರಿಗೆಯ ನೋವಿನ ಭಯವಿರಲಿಲ್ಲ. ಆ ಜಡ್ಡು ಮರಳಿ ಬಂದರೆ ಎಂಬ ಭಯವಿತ್ತು. ಮೊದಲೇ ಡಾಕ್ಟರಮ್ಮನಿಗೆ ಹೇಳಿಟ್ಟೆ. ಏಳನೆಯ ತಿಂಗಳಲ್ಲಿ ಸಗರಕ್ಕೆ ಹೋದಾಗ ಆಯಿ ಕಟ್ಟೆಯ ಮೇಲೆ ಕೆಮ್ಮುತ್ತಾ ಕುಳಿತಿದ್ದಳು. ಜೊತೆಗಿದ್ದ ನನ್ನ ಗಂಡನನ್ನು ನೋಡಿ, ಇವಳ ನಿದ್ದೆಗೆ ಏನು ತಂದೀಯಪ್ಪ ಎಂದು ಕೇಳಿದಳು. ಹದಿನೆಂಟು ದಿನದ ರಜೆ ತಂದೇನಿ ಎಂದ ಅವನು. ಕಡಿಮೆಯಾಯಿತು, ಆದರೂ ಇರಲಿ ಎಂದಳು.

ನೀರು ಹಾಕಲು ಇನ್ನು ತನ್ನಿಂದಾಗದೆಂದು ಸೊಸೆಯನ್ನು ಕರೆದು, ನನ್ನನ್ನು ಅಂಗಳದ ಕಲ್ಲಿನ ಮೇಲೆ ಕೂಡಿಸಿ, ಪಾದಕ್ಕೆ ನೀರು ಹಾಕಿಸಿ ಕಲಿಸಿದಳು. ನೀರು ನೋಡಬೇಡ, ಮುಖ ನೋಡು ಎಂದು ಸೊಸೆಗೆ ಗದರಿದಳು. ಆಮೇಲೆ ನನ್ನ ಪಾದ ತನ್ನ ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಒರೆಸಿದಳು.

"ಸುಟ್ಟರ ಸುಡ್ತದ ಅನ್ನು. ಸುಡಲಿಲ್ಲಂದ್ರ ಸುಡವಲ್ದು ಅನ್ನು. ಅದನ್ನ ನೀನೇ ಬಾಯಿ ಬಿಟ್ಟು ಹೇಳಬೇಕು. ನಾ ಇರ್ತೀನೋ ಇಲ್ಲೋ."

ಹೇಳುತ್ತೇನೆ ಎಂದೆ.

ನನ್ನ ಒಂಬತ್ತನೆಯ ತಿಂಗಳಲ್ಲಿ ಆಯಿ ತೀರಿಕೊಂಡಳು. ಎರಡೇ ಓಣಿಯಾಚೆ ಅವಳ ಮನೆ. ಬಸುರಿ ಸತ್ತವರ ಮನೆಗೆ ಹೋಗಬಾರದೆಂದು ನನ್ನನ್ನು ಕಳಿಸಲಿಲ್ಲ. ಜಗಳವಾಡುವ ತ್ರಾಣವೂ ಇರಲಿಲ್ಲ. ಆ ಬಲಗೈಯನ್ನು ಕೊನೆಯ ಸಲ ಹಿಡಿಯಲಾಗಲಿಲ್ಲ ಎಂಬ ಸಿಟ್ಟು ಇನ್ನೂ ಇದೆ.

ಹೆಣ್ಣು ಮಗು ಹುಟ್ಟಿತು. ಆಯಿಯ ಸೊಸೆ ನೀರು ಹಾಕಲು ಬಂದಳು. ಮೊದಲ ತಂಬಿಗೆ ಪಾದಕ್ಕೆ. ದಿನಾ ನಾನು "ಸುಡ್ತದ" ಎನ್ನುತ್ತಿದ್ದೆ, ಅಡುಗೆಮನೆಯಲ್ಲಿ ಅವ್ವ ಸೌಟು ಆಡಿಸುವುದನ್ನು ಅದು ಕೇಳಿಸುವವರೆಗೆ ನಿಲ್ಲಿಸಿರುತ್ತಿದ್ದಳು. ಹದಿನೆಂಟು ದಿನ ಹೀಗೇ ಹೋದವು. ಗಂಡ ರಜೆ ಮುಗಿದು ಸುರಪುರಕ್ಕೆ ಹೋದ.

ಹತ್ತೊಂಬತ್ತನೆಯ ದಿನ ನೀರು ಬಿತ್ತು, ಪಾದ ಸುಮ್ಮನಿತ್ತು. ಎರಡು ದಿನದಿಂದ ನಿದ್ದೆಯಿರಲಿಲ್ಲ, ಹಳೆಯ ಯೋಚನೆ ಬಾಗಿಲ ಬಳಿ ಬಂದು ನಿಂತಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ಈಗಲೂ ಕಾಲು ಎಳೆದುಕೊಂಡರೆ ಸಾಕಿತ್ತು. ಅವ್ವನ ಸೌಟು ಮತ್ತೆ ಆಡುತ್ತಿತ್ತು, ಗಂಡ ನೆಮ್ಮದಿಯಿಂದ ಕೆಲಸ ಮಾಡಿಕೊಂಡಿರುತ್ತಿದ್ದ, ನಾನು ಗಟ್ಟಿ ಹೆಣ್ಣಾಗಿರುತ್ತಿದ್ದೆ. ಸೊಸೆ ನೀರು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಸುಡವಲ್ದು" ಎಂದೆ.

ಸೊಸೆ ತಂಬಿಗೆ ಕೆಳಗಿಟ್ಟು ಟವೆಲು ಹೊದಿಸಿದಳು. ನಾನು ಬಟ್ಟೆ ಉಟ್ಟು ಹೊರಗೆ ಬರುವಷ್ಟರಲ್ಲಿ ಅವ್ವ ಒಲೆ ಆರಿಸಿ, ಕೂಸನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟಿ ನಿಂತಿದ್ದಳು. ಈ ಸಲ ಅವ್ವ ಯಾರಿಗೂ ಜ್ವರದ ಸುಳ್ಳು ಹೇಳಲಿಲ್ಲ. ಹೋಗೋಣ ನಡಿ ಎಂದಳು, ಅಷ್ಟೇ.

ಈಗ ಕೂಸಿಗೆ ಮೂರನೆಯ ತಿಂಗಳು. ಗುಳಿಗೆ ನಡೆದಿದೆ. ಎಲ್ಲ ಸರಿಹೋಯಿತು ಎಂದು ಬರೆಯಲಾರೆ, ದಿನಗಳು ಭಾರವಾಗಿಯೇ ಇವೆ. ನೀರು ಹಾಕುವವರು ಈಗ ಯಾರೂ ಬರುವುದಿಲ್ಲ. ನನ್ನ ಜಳಕ ನಾನೇ ಮಾಡುತ್ತೇನೆ, ಮೊದಲ ತಂಬಿಗೆ ಪಾದಕ್ಕೇ ಹಾಕಿಕೊಳ್ಳುತ್ತೇನೆ. ಇವತ್ತು ಮುಂಜಾನೆ ಬಚ್ಚಲ ಬಾಗಿಲು ಹಾಕಿಕೊಂಡು, ಕೇಳುವವರು ಯಾರೂ ಇಲ್ಲದಿದ್ದರೂ, ಗಟ್ಟಿಯಾಗಿ ಹೇಳಿದೆ: ಸುಡ್ತದ, ಆಯಿ.